ಐದನೆಯದು

ಎಡಕ್ಕೆ ಹಳೆಯ ಕ್ರಯಪತ್ರ, ಬಲಕ್ಕೆ ಹೊಸ ಛಾಪಾಕಾಗದ.
ನಡುವೆ ಒಂದು ಗೇಣು ಮೇಜು.
ಇಪ್ಪತ್ತಾರು ವರ್ಷದಿಂದ ಈ ಗೇಣನ್ನು
ನನ್ನ ಕಣ್ಣು ದಾಟುತ್ತಲೇ ಇದೆ,
ಚಿತ್ರದುರ್ಗದ ನೋಂದಣಿ ಕಚೇರಿಯೆದುರು
ಜೆರಾಕ್ಸ್ ಅಂಗಡಿಯ ತಗಡಿನ ನೆರಳಲ್ಲಿ.

ಪೂರ್ವಕ್ಕೆ ಬೋರಯ್ಯನ ಹೊಲ,
ಪಶ್ಚಿಮಕ್ಕೆ ಬಂಡಿದಾರಿ,
ಉತ್ತರಕ್ಕೆ ಹಳ್ಳ,
ದಕ್ಷಿಣಕ್ಕೆ ಸರ್ಕಾರಿ ಖರಾಬು.
ನಾಲ್ಕನ್ನೂ ಒಂದೇ ನೋಟಕ್ಕೆ ಎತ್ತಿಕೊಂಡು
ಈಚೆ ದಡದಲ್ಲಿ ಇಳಿಸುತ್ತೇನೆ.
ಹಳ್ಳ ತುಳುಕುವುದಿಲ್ಲ.
ಬೋರಯ್ಯನಿಗೆ ಗೊತ್ತೇ ಆಗುವುದಿಲ್ಲ
ಅವನ ಹೊಲ ನನ್ನ ರೆಪ್ಪೆಯೊಳಗೆ ಒಂದು ಚಣ ಇದ್ದದ್ದು.

ದಾವಣಗೆರೆಯಿಂದ ಪರ್ವೀನ್ ಎಂಬ ಹುಡುಗಿ ಬಂದಿದ್ದಳು,
ಕಣ್ಣಿನ ಓಡಾಟವನ್ನೇ ಓದುತ್ತಾಳಂತೆ.
ನಕಲು ಮಾಡುವವರ ಕಣ್ಣೇ ಬೇಕಿತ್ತು ಅವಳಿಗೆ.
ಗದ್ದಕ್ಕೊಂದು ಆಸರೆ, ಮುಂದೊಂದು ಪರದೆ,
ಪರದೆಯ ಮೇಲೆ ಬಣ್ಣದ ಚುಕ್ಕಿಗಳು.
'ಇಲ್ಲಿಂದ ಅಲ್ಲಿಗೆ ನೋಡಿ' ಎಂದಳು. ನೋಡಿದೆ.
'ಏನಾದರೂ ಬದಲಾಯಿತಾ?' ಇಲ್ಲವೆಂದೆ.
ನಕ್ಕಳು. ಕಣ್ಣು ಹಾರುತ್ತಿದ್ದಾಗಲೇ
ಕೆಂಪನ್ನು ಹಸಿರು ಮಾಡಿದ್ದಳು, ಕಳ್ಳಿ.

ಹಾರುವಾಗ ಕಣ್ಣು ಕುರುಡಂತೆ.
ಸೆಕೆಂಡಿಗೆ ಮೂರು ಸಲ ಕತ್ತಲಾಗಿ
ಮೂರು ಸಲ ಬೆಳಗಾಗುತ್ತದಂತೆ,
ನಮಗೆ ಮಾತ್ರ ಅಷ್ಟೂ ಸೇರಿ ಒಂದೇ ಹಗಲು.
ನಂಬಲಿಲ್ಲ ನಾನು. ಕನ್ನಡಿ ಕೊಟ್ಟಳು:
ಎಡಗಣ್ಣು ನೋಡಿ, ಈಗ ಬಲಗಣ್ಣು,
ಕದಲಿದ್ದು ಕಂಡಿತಾ?
ಕಾಣಲಿಲ್ಲ. ಪಕ್ಕದ ಜೆರಾಕ್ಸ್ ಹುಡುಗನಿಗೆ ಕಂಡಿತು.

ಆಮೇಲೆ ಕೆಳರೆಪ್ಪೆಯ ಅಂಚನ್ನು
ಬೆರಳಿಂದ ಮೆಲ್ಲಗೆ ಒತ್ತಿಸಿದಳು.
ಅಬ್ಬಾ, ಬಂಡೆ ಬತೇರಿ ಸಮೇತ ಕೋಟೆ ಅಲುಗಿತು!
ಕಣ್ಣು ತಾನಾಗಿ ಹಾರಿದರೆ ಒಂದು ಕಲ್ಲೂ ಮಿಸುಕದು,
ಹೊರಡುವ ಮೊದಲೇ ಒಳಗೆ ಸುದ್ದಿ ಮುಟ್ಟಿರುತ್ತದಂತೆ.

ಹೇಗೆಂದು ಕೇಳಿದರೆ ತಡವರಿಸಿದಳು ಪಾಪ.
ಸಂಜೆ ಬಸ್‌ ನಿಲ್ದಾಣದಲ್ಲಿ ನಾನೇ ಕಂಡೆ:
ಹೊಸದುರ್ಗದ ಬಸ್ಸು ಇನ್ನೂ ತಿರುಗುತ್ತಿದೆ,
ಕಿಟಕಿಯಿಂದ ಒಳಗೆ ಬಿತ್ತು ಒಂದು ಟವೆಲು.
ಟವೆಲಿನವನು ಕೆಳಗೇ ಓಡುತ್ತಿದ್ದಾನೆ.
ಹೀಗೇ ಇದ್ದೀತು. ನೋಟ ಹೋಗುವ ಮುಂಚೆ
ಮಿದುಳು ಅತ್ತ ಟವೆಲು ಹಾಸಿರುತ್ತದೆ,
ಬೋರಯ್ಯನಿಗೊಂದು, ಬಂಡಿದಾರಿಗೊಂದು,
ಹಳ್ಳಕ್ಕೆ, ಖರಾಬಿಗೆ.
ಸೀಟು ಮೂರೋ ನಾಲ್ಕೋ, ಅಷ್ಟೇ ಎಂದಿದ್ದಳು ಪರ್ವೀನ್.
ಐದನೆಯದು ನಿಂತೇ ಬರಬೇಕು.
ಎಷ್ಟೋ ಸಲ ಬರುವುದೇ ಇಲ್ಲ.

ಒಂದು ಮಾತು ಅವಳಿಗೆ ಹೇಳಲಿಲ್ಲ.
ಹನ್ನೊಂದು ವರ್ಷದ ಹಿಂದೆ, ತುರುವನೂರು ಕಡೆಯ ಓಬಕ್ಕ
ಎರಡೆಕರೆ ಮಾರಿದಾಗ, ಹಳೆಯ ಪತ್ರದಲ್ಲಿ
ಚೆಕ್ಕುಬಂದಿಯ ಕೆಳಗಿತ್ತು ಇನ್ನೊಂದು ಸಾಲು:
'ಸದರಿ ಜಮೀನಿನಲ್ಲಿರುವ ಹುಣಸೆಮರ ಒಂದು ಸಹ.'
ಹೊಸದರಲ್ಲಿ ಅದಿಲ್ಲ.
ಓದಿ ಹೇಳಿದೆ, ಹೆಬ್ಬೆಟ್ಟು ಬಿತ್ತು, ಸೀಲು ಬಿತ್ತು,
ಬಿದ್ದುಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಈಗಲೂ ಬಂದು
ಆ ಮರ ಬಡಿದುಕೊಂಡು ಹೋಗುತ್ತಾಳೆ ಓಬಕ್ಕ.
ಕೊಂಡವನು ಪತ್ರ ತಿರುವಿ ನೋಡಿ ಸುಮ್ಮನಾದನಂತೆ.
ನನ್ನ ಮೇಜಿನ ಮೇಲೆ ವರ್ಷಕ್ಕೊಮ್ಮೆ
ಸೆರಗಿನ ಗಂಟು ಬಿಚ್ಚಿ ಬೊಗಸೆ ಹಣ್ಣು ಸುರಿದು
'ನೀನು ಬರ್ದಿಲ್ವಂತಲ್ಲಪ್ಪಾ' ಎನ್ನುತ್ತಾಳೆ.

ಬರೆಯಲಿಲ್ಲ, ನಿಜ.
ಕತ್ತಲಲ್ಲಿ ಜಾರಿತೋ, ನಾನೇ ಇಳಿಸಿ ಬಂದೆನೋ,
ಆ ಒಂದು ಗೇಣಿನಲ್ಲಿ ಈಗ ಹುಡುಕಿದರೆ
ಸಿಗುವುದು ಪತ್ರಗಳ ಸಂದಿಗೆ ಸೇರಿದ
ಎರಡು ಹುಣಸೆ ಬೀಜ.