ಬಿಳಿಗೆ ಬಕೆಟ್ಟು

ಬೆಳಗಿನ ನಾಲ್ಕೂವರೆ. ಪೋರ್ಚುಗಲ್ಲಿನ ಆವೇರೋದಲ್ಲಿ
ಕಾಲುವೆಯ ನೀರಿಗೂ ನಿದ್ದೆ.
ನಮ್ಮ ಮಿಠಾಯಿ ಅಂಗಡಿಯ ಹಿಂಬದಿಯಲ್ಲಿ ಮಾತ್ರ ದೀಪ.
ಇನ್ನೂರ ನಲವತ್ತು ಮೊಟ್ಟೆ. ಒಡೆದು,
ಚಿಪ್ಪಿನಿಂದ ಚಿಪ್ಪಿಗೆ ಹೊರಳಿಸಿ
ಹಳದಿ ಅತ್ತ, ಬಿಳಿ ಇತ್ತ.
ಹಳದಿಗೆ ಸಕ್ಕರೆ ಪಾಕ, ಮೀನಿನಾಕಾರದ ತೆಳು ಕವಚ, ಪ್ರವಾಸಿಗರ ಸಾಲು.
ಬಿಳಿಗೆ ಬಕೆಟ್ಟು.

ಹತ್ತೊಂಬತ್ತು ವರ್ಷದಿಂದ ಇದು ನನ್ನ ಬೆರಳ ಸಂದಿಯಲ್ಲಿ ಜಾರುತ್ತಿದೆ.
ಆದರೂ ಡಾಕ್ಟರು ಬಾಯಿಬಿಟ್ಟು ಹೇಳಬೇಕಾಯಿತು:
"ಇದಲೀನಾ, ಹಸಿ ಮೊಟ್ಟೆಯ ಬಿಳಿಯಂತೆ ಕಂಡರೆ, ಅದೇ ಹೊತ್ತು."
ನಕ್ಕುಬಿಟ್ಟೆ. ಅವರಿಗೆ ಯಾಕೆಂದು ತಿಳಿಯಲಿಲ್ಲ.

ಮೂರು ವರ್ಷ ಚೌಕುಳಿ ಹಾಳೆಯಲ್ಲಿ ಚುಕ್ಕಿ ಇಟ್ಟೆ.
ಹಾಸಿಗೆಯಿಂದ ಏಳುವ ಮೊದಲೇ ನಾಲಿಗೆಯಡಿ ಥರ್ಮಾಮೀಟರು;
ಪಕ್ಕದಲ್ಲಿ ಝೆಫೆರೀನೊ, ಉಸಿರು ಬಿಗಿಹಿಡಿದು,
ಉಪ್ಪಿನ ಮಡಿಯಲ್ಲಿ ನಿಂತು ಮೋಡ ನೋಡುವವನ ಹಾಗೆ.
ಕೆಟ್ಟದ್ದಲ್ಲ ಪಾಪ, ಆ ಗಾಜಿನ ಕಡ್ಡಿ.
ರೈಲು ಹೊರಟ ಮೇಲೆ ಗಂಟೆ ಹೊಡೆಯುತ್ತದೆ, ಅಷ್ಟೆ.
ಕಾಲು ಡಿಗ್ರಿ ಏರುವಷ್ಟರಲ್ಲಿ
ಬರಬೇಕಾದದ್ದು ಬಂದು ಹೋಗಿಯಾಗಿರುತ್ತದೆ.
ಹೋದ ಚಳಿಗಾಲ ಹಾಳೆಗಳನ್ನು ಮಡಚಿ
ಕಿಟಕಿಯ ಬಿರುಕಿಗೆ ತುರುಕಿದೆ, ಗಾಳಿ ಬರದಂತೆ.

ಇವತ್ತು, ನೂರನೆಯ ಮೊಟ್ಟೆಯ ಆಸುಪಾಸಿನಲ್ಲಿ,
ಎಡ ಕಿಬ್ಬೊಟ್ಟೆಯಲ್ಲಿ ಯಾರೋ ದಾರ ಜಗ್ಗಿದರು.
ಒಂದೇ ಸಲ.
ಪಾಕದ ವಾಸನೆ ಇದ್ದಕ್ಕಿದ್ದಂತೆ ಹತ್ತಿರ ಬಂತು,
ಕಾಲುವೆಯ ಪಾಚಿಯದೂ.
ಬಚ್ಚಲಿಗೆ ಹೋಗಿ ಬಂದೆ. ಹಾಳೆ ಬೇಕಿರಲಿಲ್ಲ.

"ಏನು ಒಬ್ಬರೇ ನಗ್ತಿದ್ದೀರಿ?" ದೆಲ್ಫಿನಾ ಕೇಳಿದಳು.
ಹದಿನೇಳು ಅವಳಿಗೆ, ಕೆಲಸಕ್ಕೆ ಸೇರಿ ಎರಡು ತಿಂಗಳು.
ಬಕೆಟ್ಟಿಗೆ ಎರಡು ಬೆರಳು ಅದ್ದಿ ಮೆಲ್ಲಗೆ ಅಗಲಿಸಿದೆ.
ಎಳೆ ಬಂತು, ಬಂತು,
ದೀಪ ಅದರೊಳಗೆ ಒಂದು ಹೆಜ್ಜೆ ನಡೆಯಿತು,
ತುಂಡಾಗಲಿಲ್ಲ.
"ಉಳಿದ ದಿನ ಒಣಗಿರುತ್ತೆ, ಇಲ್ಲ ಗಂಜಿಯ ಹಾಗೆ ಮಂದ.
ಹೀಗೆ ಎಳೆದಷ್ಟೂ ಬಂದರೆ, ಬಾಗಿಲು ತೆರೆದಿದೆ ಅಂತ."

ಅವಳು ನಗಲಿಲ್ಲ.
ತುಟಿಯಲ್ಲೇ ಹಿಂದಕ್ಕೆ ಎಣಿಸಿದಳು,
ಈ ಶನಿವಾರ, ಅದರ ಹಿಂದಿನದು, ಅದರ ಹಿಂದಿನದು.
"ಹಾಗಾದರೆ ಅವತ್ತು..."

ನನ್ನ ನಗು ಬಾಯಲ್ಲೇ ಉಳಿಯಿತು,
ಕಡುಬಿನಲ್ಲಿ ಸಿಕ್ಕ ಚಿಪ್ಪಿನ ಚೂರು.
ನಾನು ಮುಂದಕ್ಕೆ ಎಣಿಸುತ್ತಿದ್ದೆ.

ಕೈ ತೊಳೆದೆ.
"ಎಂಟಕ್ಕೆ ಆರೋಗ್ಯ ಕೇಂದ್ರ ತೆರೆಯುತ್ತೆ. ಜೊತೆಗೆ ಬರ್ತೀನಿ."
ಹೂಂ ಅಂದಳು, ಅಥವಾ ಉಸಿರು ಬಿಟ್ಟಳು.

ಇನ್ನೂ ನೂರ ಮೂವತ್ತು ಇದ್ದವು.
ಒಡೆಯುತ್ತ ಹೋದೆವು ಇಬ್ಬರೂ,
ಹಳದಿ ಒಡೆಯದ ಹಾಗೆ.