ಕಾಚಂಪುಳಿಯಲ್ಲಿ ಅದ್ದಿದ ಕಪ್ಪು

ಮೂವತ್ತೊಂದು ವರ್ಷ ನಾನು ಬಿಳಿಯೊಳಗಿದ್ದೆ.
ವಿರಾಜಪೇಟೆ ಸರ್ಕಾರಿ ಆಸ್ಪತ್ರೆ, ಹೆರಿಗೆ ವಾರ್ಡು.
ನೀಲಿ ಹಾಕಿ, ಗಂಜಿ ಹಾಕಿ, ಇಸ್ತ್ರಿ ತಿಕ್ಕಿ ಉಟ್ಟದ್ದರ ಮೇಲೆ
ಹತ್ತು ಗಂಟೆಗೆಲ್ಲ ಯಾರದೋ ರಕ್ತ, ಯಾರದೋ ಹಾಲು.
ನಿವೃತ್ತಿಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ.
ಮರುದಿನ ಗಡಿಯಾರ ಕಂಬದ ಹತ್ತಿರ ಬಸ್ಸಿಳಿದು
ಮೊದಲ ಕಪ್ಪು ಸೀರೆ ಕೊಂಡೆ.
“ಬಾರ್ಡರಿನದು ತೋರಿಸಲಾ ಸಿಸ್ಟರ್?”
ಬೇಡ. ಬಾರ್ಡರೂ ಕಪ್ಪೇ ಇರಲಿ.

ಎರಡನೆಯದನ್ನು ತಂದು ಪಕ್ಕದಲ್ಲಿಟ್ಟಾಗ ತಿಳಿಯಿತು,
ಕಪ್ಪು ಒಂದಲ್ಲ.
ಒಂದು ಕೆಂಪಿಗೆ ವಾಲುತ್ತದೆ, ನಿನ್ನೆಯ ಡಿಕಾಕ್ಷನ್ನಿನಂತೆ;
ಒಂದರ ಅಡಿಯಲ್ಲಿ ನೀಲಿ;
ಇನ್ನೊಂದು, ಕಾಗೆ ಕತ್ತು ಹೊರಳಿಸಿದಾಗ ಕಾಣುವ ಹಸಿರು.
ಟೈಲರ್ ಮೊಯ್ದು ರವಿಕೆ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು
“ಇದು ಅದರ ತಂಗಿಯಲ್ಲ, ದೂರದ ನೆಂಟಸ್ತಿಕೆ” ಅನ್ನುತ್ತಾನೆ.
ಟ್ಯೂಬ್‌ಲೈಟಿನಡಿ ಯಾರೂ ಕಪ್ಪು ಕೊಳ್ಳಬಾರದು.
ಅಂಗಡಿಯ ಮೆಟ್ಟಿಲಿಗೆ ತಂದು ನೋಡಬೇಕು,
ಹೆತ್ತ ಮಗುವನ್ನು ಕಿಟಕಿಗೆ ತಂದು ನೋಡುವ ಹಾಗೆ.

ಕರಿಮೆಣಸು ಹುಟ್ಟುವಾಗ ಕರಿಯದಲ್ಲ.
ಚಾಪೆಯ ಮೇಲೆ ನಾಲ್ಕು ಬಿಸಿಲು ಕುಡಿದು ಕಪ್ಪಾಗುತ್ತದೆ.
ಅದೇ ಅಂಗಳ, ಅದೇ ಬಿಸಿಲು,
ನನ್ನ ಸೀರೆ ಮಾತ್ರ ಬಣ್ಣ ಬಿಡುತ್ತದೆ.
ಅದಕ್ಕೇ ಮಗುಚಿ, ನೆರಳಲ್ಲಿ, ಕ್ಲಿಪ್ಪು ಹಾಕಿ ಒಣಗಿಸುತ್ತೇನೆ,
ಮೆಣಸಿನ ಕಡೆಗೆ ಸ್ವಲ್ಪ ಹೊಟ್ಟೆಕಿಚ್ಚಿನಿಂದ ನೋಡುತ್ತ.

ಕಕ್ಕಡದಲ್ಲಿ ಬಿಳಿ ನನ್ನನ್ನು ಹುಡುಕಿಕೊಂಡು ಬರುತ್ತದೆ.
ಬೀರುವಿನೊಳಗೆ ಮಡಿಕೆ ಮಡಿಕೆಗೆ ಬೂಸಲು.
ಬ್ರಶ್ಶಿನಲ್ಲಿ ತಟ್ಟಿ, ಒಲೆಯ ಕಾವು ತೋರಿಸಿ,
ಬಕೆಟ್ ತಣ್ಣೀರಿಗೆ ಎರಡು ಚಮಚ ಕಾಚಂಪುಳಿ.
ಹುಳಿ ಕಪ್ಪನ್ನು ಹಿಡಿದಿಡುತ್ತದೆ.
ಹೆಸರಲ್ಲೇ ಬಿಳುಪಿರುವ ನಾದಿನಿ ಬೊಳ್ಳವ್ವ ಬೈಯುತ್ತಾಳೆ:
“ಹಂದಿಗೆ ಹಾಕುವುದನ್ನು ಸೀರೆಗೆ ಸುರಿಯುತ್ತೀಯಲ್ಲ!”
ಹೌದು, ಒಂದು ಮದುವೆಯಲ್ಲಿ ಪಕ್ಕ ಕೂತವರು
“ನಿಮ್ಮದು ಊಟ ಆಯ್ತಾ?” ಎಂದು ಕೇಳಿದ್ದರು.
ಇನ್ನೂ ಎಲೆಯೇ ಹಾಕಿರಲಿಲ್ಲ.

ಹೊರಗಿನವರು ಕೇಳುವುದುಂಟು, ಯಾರು ಹೋದರು ಅಂತ.
ನಮ್ಮಲ್ಲಿ ಹೋಗುವವರು ಬಿಳಿಯಲ್ಲಿ ಹೋಗುತ್ತಾರೆ.
ಕಪ್ಪು ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು
ಗಂಡಸರು ಹಬ್ಬಕ್ಕೆ ಹೊರಟರೆ ಯಾರೂ ಏನೂ ಕೇಳುವುದಿಲ್ಲ.
ಪುತ್ತರಿಗೆ ವಾರವಿದೆ ಎನ್ನುವಾಗ ಪೂಣಚ್ಚ ಹಿಂಬಾಗಿಲಿಗೆ ಬಂದ,
ಕಂಕುಳಲ್ಲಿ ಹಸಿರಾದ ಕುಪ್ಯ, ಪೇಪರಿನಲ್ಲಿ ಸುತ್ತಿ.
“ಅಕ್ಕ, ಇದಕ್ಕೆ ಏನಾದರೂ...”
ಈಗ ವರ್ಷವರ್ಷ ನನ್ನ ಬಾಗಿಲ ಹಿಂದೆ
ಊರ ಗಂಡಸರ ಐದಾರು ತೋಳು ನೇತಾಡುತ್ತವೆ.

ಮಾಚವ್ವಜ್ಜಿ ತೀರಿದ ಬೆಳಿಗ್ಗೆ ಮನೆಯಿಡೀ ಹುಡುಕಿದೆ.
ಬೀರುವಿನ ತಳದಲ್ಲಿ ಒಂದೇ ಒಂದು ಬಿಳಿ,
ಯೂನಿಫಾರ್ಮಿನ ಸೀರೆ.
ಸೆರಗಿನ ಮೂಲೆಯಲ್ಲಿ ಅಗಸನ ಶಾಯಿಯ ನಂಬರು, ಹದಿನಾಲ್ಕು.
ಅಷ್ಟು ವರ್ಷದ ಬ್ಲೀಚಿಗೂ ಜಗ್ಗದೆ
ಕಪ್ಪಾಗಿಯೇ ಉಳಿದದ್ದು ಅದೊಂದು.
ಉಟ್ಟು ಹೋದೆ. ಅಜ್ಜಿಯ ಕಾಲ ಬಳಿ ಕೂತಿದ್ದ ಹೆಂಗಸೊಬ್ಬಳು ತಲೆಯೆತ್ತಿ
“ಸಿಸ್ಟರ್” ಅಂದಳು. ಮತ್ತೇನೂ ಅನ್ನಲಿಲ್ಲ.
ಅವಳ ಇಬ್ಬರನ್ನೂ ಮೊದಲು ಹಿಡಿದದ್ದು ಈ ಕೈ.

ಸಂಜೆ ಅದನ್ನು ಬೇರೆ ಬಕೆಟ್ಟಿನಲ್ಲಿ ಒಗೆದೆ.

ತಮ್ಮನ ಮಗಳು ದೇಚುವಿಗೆ ಹೇಳಿಟ್ಟಿದ್ದೇನೆ:
ನನಗೂ ಬಿಳಿಯೇ ಉಡಿಸುತ್ತೀರಿ, ಆಗಲಿ, ರೂಢಿ ಬಿಡಬೇಡಿ.
ಒಳಲಂಗ ಮಾತ್ರ ಕಪ್ಪಿರಲಿ.
ಅವಳು ನಗಲಿಲ್ಲ.
ಬೀರು ತೆರೆದು, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು
ಕೇಳಿದಳು,
“ಅತ್ತೆ, ಯಾವ ಕಪ್ಪು?”