ಬೆನ್ನ ಮೇಲೆ ಇಪ್ಪತ್ತು ಗುಂಡಿ

ಸೋಮವಾರ, ಬಳ್ಳಾರಿ ದೊಡ್ಡಾಸ್ಪತ್ರೆ.
ಹಸಿರು ಪರದೆಯ ಹಿಂದೆ ಕುಪ್ಪಸ ಕಳಚಿ
ಗೋಡೆಗೆ ಮುಖ ಮಾಡಿ ಕೂತೆ.
ಡಾಕ್ಟರಮ್ಮ ಮಂಗಳೂರ ಕಡೆಯವಳು,
ನನ್ನ ಮಗಳಿಗಿಂತ ನಾಕು ವರ್ಷ ದೊಡ್ಡವಳಿರಬೇಕು.
ಬಿಳಿ ಪಟ್ಟಿಯಲ್ಲಿ ಸಾಲಾಗಿ ಗುಂಡಿ,
ಹಣೆಬೊಟ್ಟಿನಷ್ಟು ಅಗಲ,
ಒಂದೊಂದರಲ್ಲಿ ಒಂದೊಂದು ಅನುಮಾನ:
ಸಿಮೆಂಟಿನೊಳಗಿನ ಉಪ್ಪು, ರಬ್ಬರು, ಕೂದಲ ಬಣ್ಣ,
ಅತ್ತರು, ಹಾದಿಬದಿಯ ಕಾಂಗ್ರೆಸ್ ಹುಲ್ಲು.

"ಒಂದನೇದರಾಗ ಏನೈತ್ರಿ?"
"ಏನೂ ಇಲ್ಲ. ಬರೀ ವ್ಯಾಸಲೀನು.
ಏನೂ ಇಲ್ಲದ್ದಕ್ಕೂ ಚರ್ಮ ಕೆಂಪಾದರೆ
ಉಳಿದ ಹತ್ತೊಂಬತ್ತರ ಮಾತು ನಂಬೋಕಾಗಲ್ಲ."

ಸ್ನಾನ ಬೇಡ. ಕೆರೆಯಬಾರದು. ಬೆವರಬಾರದು.
ಚಳಿಗಾಲದಲ್ಲಿ ಬಂದಿದ್ದರೆ ಒಳ್ಳೇದಿತ್ತು, ಅಂದಳು.
"ಬಳ್ಳಾರಿಗೆ ಅದು ಯಾವ ವಾರ ಬರತೈತ್ರಿ?"
ತಡವಾಗಿ ನಕ್ಕಳು, ಪಾಪ.

ಕೌಲ್‌ಬಜಾರಿನ ಶೆಡ್ಡಿನಲ್ಲಿ ಎಂಟು ವರ್ಷ.
ಕಾಲಲ್ಲಿ ಪೆಡಲ್ಲು, ಬೆರಳಲ್ಲಿ ಗುಂಡಿ,
ಜೀನ್ಸಿನ ಸೊಂಟಕ್ಕೊಂದು, ಟಕ್,
ಜೇಬಿನ ಮೂಲೆಗೆ ರಿವೆಟ್ಟು, ಟಕ್ ಟಕ್,
ಯಾರ ಹೊಟ್ಟೆಯ ಮೇಲೆ ಹೋಗಿ ಕೂರುತ್ತದೋ ಯಾರಿಗೆ ಗೊತ್ತು.
ಕಳೆದ ದಸರೆಯಿಂದ ಬೆರಳ ತುದಿ ಸೀಳಿ
ಸೀಳಿನೊಳಗೆ ನೀಲಿ ಇಳಿಯತೊಡಗಿತು.
ಅತ್ತೆ ಬದನೆಕಾಯಿ ಅಂದಳು, ಬಿಟ್ಟೆ.
ಮಾಲೀಕ ಶೇಕ್ಷಾವಲಿ ಪಾತ್ರೆ ತೊಳೆಯೋ ಸೋಪು ಅಂದ.
ಮೆಡಿಕಲ್ ಶಾಪಿನವನು ಏನೂ ಅನ್ನಲಿಲ್ಲ,
ಟ್ಯೂಬು ಕೊಟ್ಟ, ಆಮೇಲೆ ಇನ್ನೊಂದು ಟ್ಯೂಬು.

ಎರಡು ರಾತ್ರಿ ಮಾಳಿಗೆಯ ಮೇಲೆ ಬೋರಲು ಮಲಗಿದೆ.
ಮಗಳು ಮೊಬೈಲ್ ಬೆಳಕು ಬಿಟ್ಟು ಎಣಿಸಿದಳು.
ಪಕ್ಕದ ಮಾಬುನ್ನಿ ಬಂದು ನೋಡಿ
"ಕ್ಯಾಲೆಂಡರ್ ಹಂಗ ಕಾಣತೈತಲ್ಲೇ ಹಂಪವ್ವ,
ಹಬ್ಬ ಯಾವತ್ತು?" ಅಂದಳು.
ಎಡಗಡೆ ಒಂದು ಕಡೆ ಕಡಿತ,
ಇರುವೆ ಒಂದೇ ಜಾಗದಲ್ಲಿ ನಿಂತು ಯೋಚಿಸಿದಂತೆ.
ಕೈ ತಾನಾಗಿ ಹಿಂದೆ ಹೋಗುತ್ತದೆ,
ಬೈದು ಕರೆತರುತ್ತೇನೆ.

ಬುಧವಾರ ಕಿತ್ತರು. ಶುಕ್ರವಾರ ಓದಿದರು.
ನನ್ನ ಬೆನ್ನು ನನಗೆ ಓದಲು ಬರುವುದಿಲ್ಲ,
ಡಾಕ್ಟರಮ್ಮ ಫೋಟೋ ತೆಗೆದು ತೋರಿಸಿದಳು:
ನಲವತ್ತೊಂದು ವರ್ಷಕ್ಕೆ ಮೊದಲ ಸಲ ಕಂಡ ನನ್ನ ಬೆನ್ನು.
ನಡುವೆ ಒಂದು ಮಚ್ಚೆ ಇದೆ. ಯಾರೂ ಹೇಳಿರಲಿಲ್ಲ.
ಏಳನೇದು ಉಬ್ಬಿ, ಕೆಂಪಾಗಿ, ಸಣ್ಣ ನೀರುಗುಳ್ಳೆ.
"ನಿಕ್ಕಲ್. ನಿಮ್ಮ ಗುಂಡಿಯದ್ದೇ."
ಗುಂಡಿಯ ಗುಟ್ಟು ಗುಂಡಿಯೇ ಹೇಳಿತು.
ಒಂದನೇದು ಸುಮ್ಮನಿತ್ತು.
ನನ್ನ ಚರ್ಮ ಸುಳ್ಳು ಹೇಳುವುದಿಲ್ಲವೆಂದು
ಸರ್ಕಾರಿ ಸೀಲು ಒತ್ತಿ ಬರೆದುಕೊಟ್ಟರು.

"ಮೊದಲ ಸಲ ಮುಟ್ಟಿದಾಗ ಏನೂ ಆಗಲ್ಲ.
ಒಳಗೊಳಗೇ ಗುರುತು ಹಾಕಿಕೊಳ್ಳುತ್ತೆ,
ಜಗಳ ಆಮೇಲೆ, ಯಾವತ್ತೋ.
ಚಿಕ್ಕಂದಿನಲ್ಲಿ ಕಿವಿ ಸೋರಿತ್ತಾ?"

ಸಿರುಗುಪ್ಪದ ಸಂತೆ. ನನಗೆ ಏಳು.
ಮೆಣಸಿನಕಾಯಿ ಬಿಡಿಸಿದ ಕೂಲಿಯಲ್ಲಿ ಅವ್ವ
ನಾಕು ರೂಪಾಯಿಯ ಜೋಡಿ ಕೊಡಿಸಿದ್ದಳು.
ಹನ್ನೊಂದು ದಿನ ಕಿವಿ ಸೋರಿತು,
ಅರಿಶಿನದೆಣ್ಣೆ, ಬಿಸಿ ಬಟ್ಟೆ.
ತೆಗಿತೀನಿ ಅಂದರೆ ನಾನೇ ಬಿಡಲಿಲ್ಲ.
ಹೊಳೆಯುತ್ತಿದ್ದವಲ್ಲ.
ನಾನು ಮರೆತೆ.
ಅದು ಮರೆಯಲಿಲ್ಲ.

ಚೀಟಿಯನ್ನು ಶೇಕ್ಷಾವಲಿ ಎರಡು ಸಲ ತಿರುಗಿಸಿ ನೋಡಿದ.
"ದಾರ ಕತ್ತರಿಸೋ ಕೆಲಸ ಐತಿ.
ದಿನಕ್ಕ ಎಂಬತ್ತು ಕಡಿಮಿ."
ಹ್ಞೂಂ ಅಂದೆ. ಮತ್ತೇನು ಅನ್ನಲಿ.

ನನ್ನ ಸ್ಟೂಲಿನ ಮೇಲೆ ಈಗ ಮಾರೆಕ್ಕ,
ಹತ್ತೊಂಬತ್ತು ತುಂಬಿಲ್ಲ,
ಬೆರಳು ಬೆಂಡೆಕಾಯಿಯ ಹಾಗೆ.
ಕಿವಿಯಲ್ಲಿ ದೊಡ್ಡ ದೊಡ್ಡ ರಿಂಗು.
"ಸಣ್ಣಾಕಿ ಇದ್ದಾಗ ಕಿವಿ ಸೋರಿತ್ತೇನು?"
ಅವಳು ನಕ್ಕು, ಏನಂದಿ ಅಕ್ಕಾ, ಕೇಳಿಸಲಿಲ್ಲ ಅಂದು
ಪೆಡಲ್ಲು ಒತ್ತಿದಳು.

ಟಕ್.